ಹತ್ತು ದಿನದ ಹಸಿರು: ಅವಸರದವರಿಗೆ ಮೂರು ಔಷಧೀಯ ಸಸ್ಯಗಳು

ಬೀಜ ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಬಂತೇ ಎಂದು ನೋಡುವುದು ಮಕ್ಕಳ ಸ್ವಭಾವ. ದೊಡ್ಡವರ ತಾಳ್ಮೆಯೂ ಅಷ್ಟಕ್ಕಷ್ಟೆ. ಟೊಮೆಟೊ, ಬದನೆ ನೆಟ್ಟು ಎರಡು ಮೂರು ತಿಂಗಳು ಕಾಯಲಾಗದೆ ಅರ್ಧಕ್ಕೇ ಕೈಬಿಟ್ಟ ಕುಂಡಗಳು ಎಷ್ಟೋ ಮನೆಗಳ ಬಾಲ್ಕನಿಯಲ್ಲಿವೆ. ಬೇಗ ಕೈಗೆ ಬರುವ, ಆದರೆ ಹೆಚ್ಚಿನವರು ಕುಂಡದಲ್ಲಿ ಬೆಳೆಸದ ಮೂರು ಸಸ್ಯಗಳನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ. ಮೂರೂ ಯುನಾನಿ ವೈದ್ಯದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿವೆ.

1. ಆಳ್ವಿ (ಹಾಲಿಂ)

ಬಾಣಂತಿಯರ ಲಡ್ಡಿಗೆ ಹಾಕುವ ಕೆಂಪು ಬೀಜವೇ ಇದು. ಯುನಾನಿಯಲ್ಲಿ ಇದಕ್ಕೆ ಹಬ್ಬುರ್‍ರಶಾದ್ ಎನ್ನುತ್ತಾರೆ. ಅಗಲವಾದ ತಟ್ಟೆಯಲ್ಲಿ ಒಂದು ಇಂಚು ತೆಂಗಿನ ನಾರಿನ ಪುಡಿ ಹರಡಿ, ಬೀಜವನ್ನು ಒತ್ತಾಗಿ ಉದುರಿಸಿ ನೀರು ಚಿಮುಕಿಸಿ. ಮೊದಲೇ ನೆನೆಸಬೇಡಿ, ಬೀಜ ಲೋಳೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಮೊಳಕೆ, ಹತ್ತು ಹನ್ನೆರಡು ದಿನದಲ್ಲಿ ಎರಡು ಇಂಚಿನ ಸಸಿ. ಕತ್ತರಿಯಿಂದ ಕತ್ತರಿಸಿ, ಚೆನ್ನಾಗಿ ತೊಳೆದು ಕೋಸಂಬರಿಗೆ ಹಾಕಬಹುದು. ರುಚಿ ಸಾಸಿವೆಯಂತೆ ಖಾರ.

ಇದರ ಮಿಜಾಜ್ ಉಷ್ಣ. ‘ಕಬ್ಬಿಣದ ಅಂಶವಿದೆ’ ಎಂದು ಕೇಳಿ ಗರ್ಭಿಣಿಯರು ಆಳ್ವಿ ಲಡ್ಡು ತಿನ್ನುವುದನ್ನು ನಾನು ನೋಡಿದ್ದೇನೆ. ಇದು ಹೆರಿಗೆಯ ನಂತರದ ಆಹಾರ, ಗರ್ಭಾವಸ್ಥೆಯದಲ್ಲ. ಗರ್ಭಿಣಿಯರು ಇದರಿಂದ ದೂರವಿರಬೇಕು.

ಇನ್ನೊಂದು ಮಾತು: ಬಿತ್ತನೆ ಬೀಜದ ಅಂಗಡಿಯ ಬೀಜಕ್ಕೆ ಔಷಧಿ ಲೇಪಿಸಿರುವುದುಂಟು. ಸಸಿಯಲ್ಲೇ ತಿನ್ನಲು ಕಿರಾಣಿ ಅಂಗಡಿಯ, ತಿನ್ನುವ ಬೀಜವನ್ನೇ ಬಳಸಿ.

2. ಗೋಣಿ ಸೊಪ್ಪು (ಖುರ್ಫಾ)

ಇದಕ್ಕೆ ಬೀಜವೂ ಬೇಡ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ನಾಲ್ಕೈದು ದಪ್ಪ ಕಡ್ಡಿಗಳನ್ನು ಉಳಿಸಿ ಕುಂಡದಲ್ಲಿ ಊರಿದರೆ ಸುಲಭವಾಗಿ ಬೇರು ಬಿಡುತ್ತದೆ. ಮೂರು ನಾಲ್ಕು ವಾರಕ್ಕೆ ತುದಿ ಚಿವುಟಿ ಬೇಳೆಯೊಂದಿಗೆ ಬೇಯಿಸಬಹುದು. ಚಿವುಟಿದಷ್ಟೂ ಕವಲೊಡೆಯುತ್ತದೆ. ಬಿಸಿಲು ಬೇಕು, ನೀರು ಮಿತವಾಗಿರಲಿ.

ಇದರ ಮಿಜಾಜ್ ಶೀತ. ಆದ್ದರಿಂದ ಬೇಸಿಗೆಯ ದಾಹ, ಉರಿಗೆ ಹಕೀಮರು ಇದನ್ನು ಹೇಳುತ್ತಾರೆ. ಒಮೆಗಾ-3 ಕೊಬ್ಬಿನಾಮ್ಲವೂ ಇದರಲ್ಲಿದೆ. ಆದರೆ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದಲ್ಲಿ ಕಲ್ಲಿರುವವರು ತಿನ್ನದಿರುವುದು ಒಳ್ಳೆಯದು.

ಬಯಲಿನಲ್ಲಿ ಕಿತ್ತು ತರುವವರು ಗಮನಿಸಿ: ಇದನ್ನೇ ಹೋಲುವ, ನೆಲಕ್ಕೆ ಹಬ್ಬುವ ಬೇರೆ ಕಳೆಗಳಿವೆ. ಕಾಂಡ ಮುರಿದಾಗ ಬಿಳಿ ಹಾಲು ಒಸರಿದರೆ ಅದು ಗೋಣಿ ಸೊಪ್ಪಲ್ಲ, ಎಸೆಯಿರಿ.

3. ಕಾಮಕಸ್ತೂರಿ (ರೈಹಾನ್)

ಸೂರಃ ಅರ್‍ರಹ್ಮಾನ್‌ನಲ್ಲಿ ‘ರೈಹಾನ್’ ಎಂದರೆ ಸುಗಂಧದ ಸಸ್ಯ. ಯುನಾನಿಯಲ್ಲಿ ಕಾಮಕಸ್ತೂರಿಗೆ ಈ ಹೆಸರು ನಿಂತಿದೆ. ಶರಬತ್ತು, ಫಾಲೂದಾಗೆ ಹಾಕುವ ಕಪ್ಪು ಬೀಜ ಇದರದೇ. ಮಣ್ಣಿನ ಮೇಲೆ ಉದುರಿಸಿ ತೆಳುವಾಗಿ ಮುಚ್ಚಿದರೆ ಒಂದು ವಾರದಲ್ಲಿ ಮೊಳೆಯುತ್ತದೆ. ಸುಮಾರು ಆರು ವಾರಕ್ಕೆ ಎಲೆ ಸಿಗುತ್ತದೆ. ಹೂವಿನ ತೆನೆ ಚಿವುಟಿದರೆ ಎಲೆ ಹೆಚ್ಚುತ್ತದೆ.

ಬೀಜವನ್ನು ಒಣಗಿದ್ದಾಗಲೇ ನುಂಗಬಾರದು. ಅದು ಗಂಟಲಲ್ಲಿ ಉಬ್ಬಿ ಉಸಿರು ಕಟ್ಟಬಹುದು. ಕಾಲು ಗಂಟೆಯಾದರೂ ನೆನೆಸಿದ ಬಳಿಕವೇ ಕುಡಿಯಿರಿ. ಪುಟ್ಟ ಮಕ್ಕಳಿಗೆ ಕೊಡಬೇಡಿ.

ಬೇಗ ಬೆಳೆಯುವ ಇನ್ನೊಂದು ಜೀವ

ಆಳ್ವಿ ಬೆಳೆಯುವ ಅಷ್ಟೇ ದಿನದಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯೂ ಬೆಳೆಯುತ್ತದೆ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ಅದು ಚರಂಡಿಗಿಂತ ಹೆಚ್ಚಾಗಿ ಮನೆಯ ತಿಳಿನೀರನ್ನೇ ಹುಡುಕುತ್ತದೆ. ಕುಂಡದಡಿಯ ತಟ್ಟೆ ಅದಕ್ಕೆ ಬಹಳ ಅನುಕೂಲ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡು, ನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ವಾರಕ್ಕೊಮ್ಮೆ, ಶುಕ್ರವಾರ ಎಂದೇ ದಿನ ಗೊತ್ತುಮಾಡಿಕೊಂಡು, ತಟ್ಟೆಯನ್ನು ಬ್ರಶ್ಶಿನಿಂದ ಉಜ್ಜಿ ಒಣಗಿಸಿ. ಇಲ್ಲವೇ ತಟ್ಟೆಗೆ ಮರಳು ತುಂಬಿಬಿಡಿ.

ಹಸಿಯಾಗಿ ತಿನ್ನುವ ಸೊಪ್ಪಿಗೆ ಹಸಿ ಸಗಣಿ, ಪಾತ್ರೆ ತೊಳೆದ ನೀರು ಬೇಡ. ಹಳೆಯ ಪೇಂಟಿನ ಡಬ್ಬ ಕುಂಡವಾಗದಿರಲಿ. ಮಣ್ಣು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವ ಅಭ್ಯಾಸ ಮಕ್ಕಳಿಗಿರಲಿ. ಮನೆಯ ಸೊಪ್ಪು ತಿನ್ನುತ್ತೇವೆಂದು ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಯಾರೂ ನಿಲ್ಲಿಸಬೇಡಿ.

ನೆಟ್ಟ ಗಿಡದಿಂದ ಮನುಷ್ಯ, ಪಶು, ಪಕ್ಷಿ ಯಾರೇ ತಿಂದರೂ ಅದು ನೆಟ್ಟವನ ಪಾಲಿಗೆ ಸದಕಾ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಮೊದಲ ಕೊಯ್ಲಿನ ಒಂದು ಹಿಡಿ ಪಕ್ಕದ ಮನೆಗೂ ಹೋಗಲಿ. ಹತ್ತು ದಿನ ಕಾಯಲು ಕಲಿತ ಮಗು ಮುಂದೆ ನುಗ್ಗೆಗಾಗಿ ತಿಂಗಳುಗಟ್ಟಲೆ ಕಾಯಲೂ ಕಲಿತೀತು.