ತಿಂಡಿಗೆ ತಕ್ಕ ಕಾಫಿ: ಬೆಳೆಗಾರರು ತಿಳಿಯಬೇಕಾದ ರುಚಿಯ ಪಾಠ

ಕಾಫಿ ಬೆಳೆಯುವವರಿಗೇ ಕಾಫಿ ಕುಡಿಯುವ ಪಾಠವೇ ಎಂದು ಸದಸ್ಯ ಬಂಧುಗಳು ನಗಬಹುದು. ಆದರೆ ನಮ್ಮಲ್ಲಿ ಅನೇಕರು ಚೆರಿಯನ್ನು ಮೂಟೆ ಕಟ್ಟಿ ಮಾರಿ, ಮನೆಗೆ ಪೇಟೆಯಿಂದ ಚಿಕೋರಿ ಬೆರೆಸಿದ ಪುಡಿ ತರುವವರೇ. ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಬೆಳೆಯನ್ನು ಒಪ್ಪಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. 1996ರಲ್ಲಿ ಮುಕ್ತ ಮಾರಾಟ ಪೂರ್ಣವಾಗಿ ಬಂದ ಮೇಲೆ ಹಾಗಿಲ್ಲ. ಉತ್ತಮ ಕಾಫಿಗೆ ಹೆಚ್ಚು ಬೆಲೆ ಕೊಡುವವನು ಕುಡಿದು ನೋಡಿಯೇ ಕೊಡುತ್ತಾನೆ.

ಪಲ್ಪರ್‌ಗೆ ಹಾಕಿ ತೊಳೆದ ಅರೇಬಿಕಾದಲ್ಲಿ ಹದವಾದ ಹುಳಿಯೂ ಸುವಾಸನೆಯೂ ಮುಂದಾಗಿರುತ್ತವೆ. ರೊಬಸ್ಟಾ ದಪ್ಪ, ಕಹಿ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2, ರೊಬಸ್ಟಾದಲ್ಲಿ ಸುಮಾರು ಶೇ. 2.2; ಆದರೂ ಕಹಿಗೆ ಅದೊಂದೇ ಕಾರಣವಲ್ಲ, ಹೆಚ್ಚು ಹುರಿದರೆ ಯಾವ ಕಾಫಿಯೂ ಕಹಿಯೇ. ಕರಾವಳಿಯಲ್ಲಿ ಮಳೆಗಾಲದ ತೇವದ ಗಾಳಿಗೆ ಹರಡಿ ತಯಾರಿಸುವ ಮಾನ್ಸೂನ್ಡ್ ಕಾಫಿಯಲ್ಲಿ ಹುಳಿ ಬಹಳ ಕಡಿಮೆ.

ಇನ್ನು ತಿಂಡಿಯ ವಿಚಾರ. ಹೋಳಿಗೆ ತಿಂದು ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲವೇನೋ ಎನಿಸುವುದು ಎಲ್ಲರ ಅನುಭವ. ಸಿಹಿಗೆ ಒಗ್ಗಿದ ನಾಲಗೆಗೆ ಕಾಫಿಯ ಹುಳಿ, ಕಹಿಗಳೇ ಎದ್ದು ಕಾಣುತ್ತವೆ. ಆದ್ದರಿಂದ ಹೋಳಿಗೆಯ ಜೊತೆ ಎಳೆಹುರಿದ ಅರೇಬಿಕಾ ಸಲ್ಲದು, ಅದು ಬರಿಯ ಹುಳಿಯಾಗಿ ತೋರುತ್ತದೆ. ರೊಬಸ್ಟಾ ಬೆರೆತ ಗಟ್ಟಿ ಡಿಕಾಕ್ಷನ್‌ಗೆ ಹಾಲು ಹಾಕಿ ಕುಡಿಯಿರಿ. ಹಾಲಿನ ಪ್ರೋಟೀನು ಒಗರನ್ನು ತಗ್ಗಿಸುತ್ತದೆ. ಕೋಡುಬಳೆ, ಹಲಸಿನ ಹಪ್ಪಳಗಳಿಗೂ ಇದೇ ಸರಿ, ಏಕೆಂದರೆ ಉಪ್ಪು ಕಹಿಯನ್ನು ಅಡಗಿಸುತ್ತದೆ. ತೊಳೆದ ಅರೇಬಿಕಾಕ್ಕೆ ಕಡುಬು, ನೀರುದೋಸೆಯಂಥ ಸಪ್ಪೆ ತಿಂಡಿ ಒಳ್ಳೆಯ ಜೊತೆ. ಕೊಡಗಿನವರ ಬೆಲ್ಲದ ಕಾಫಿ ಮತ್ತು ಅಕ್ಕಿರೊಟ್ಟಿಯ ಜೋಡಿಯನ್ನು ನಾನು ಯಾವ ಹೋಟೆಲಿನ ಕೇಕಿಗೂ ಬಿಟ್ಟುಕೊಡಲಾರೆ. ಖಾರದ ಚಟ್ನಿಯ ಮೇಲೆ ಮಾತ್ರ ಒಳ್ಳೆಯ ಕಾಫಿ ಕುಡಿಯುವುದು ದಂಡ.

ಉಪ್ಪು, ಹಾಲು, ಸಕ್ಕರೆಗಳು ಕಹಿಯ ಜೊತೆಗೆ ಕಾಫಿಯ ದೋಷವನ್ನೂ ಮುಚ್ಚುತ್ತವೆ ಎಂಬುದು ನಮಗೆ ಮುಖ್ಯ. ಮನೆಯಲ್ಲಿ ರುಚಿಯಾಗಿದ್ದ ಕಾಫಿ ಖರೀದಿದಾರನ ಮೇಜಿನ ಮೇಲೆ ಸೋಲುವುದು ಇದರಿಂದಲೇ. ಆದ್ದರಿಂದ ಮಾರುವ ಮೊದಲು ಪ್ರತಿ ರಾಶಿಯಿಂದಲೂ ಒಂದು ಹಿಡಿ ಬೀಜ ತೆಗೆದು, ಎಲ್ಲವನ್ನೂ ಒಂದೇ ಹದಕ್ಕೆ ನಸು ಕಂದಾಗಿ ಹುರಿದು, ಮರುದಿನ ತರಿಯಾಗಿ ಪುಡಿಮಾಡಿರಿ. 10 ಗ್ರಾಂ ಪುಡಿಗೆ ಕುದಿದಿಳಿಸಿದ ನೀರು 180 ಮಿ.ಲೀ. ಹಾಕಿ, 4 ನಿಮಿಷ ಬಿಟ್ಟು, ಮೇಲಿನ ನೊರೆ ತೆಗೆದು, ಬರಿದೇ ಕುಡಿಯಿರಿ. ಒಂದು ತುಂಡು ನೀರುದೋಸೆ ತಿಂದು ಮತ್ತೆ ಕುಡಿಯಿರಿ. ಆರಿದ ಮೇಲೆ ಇನ್ನೊಮ್ಮೆ ನೋಡಿರಿ. ದೋಷಗಳು ಆಗ ಬೇಗ ಸಿಗುತ್ತವೆ. ಮಣ್ಣಿನ ವಾಸನೆ ಬಂದರೆ ಕಣದ ನೆಲವನ್ನು ಸಂಶಯಿಸಿರಿ. ಬೂಷ್ಟು ಬಂದರೆ ಒಣಗಿಸಿದ್ದು ಸಾಲದು, ಇಲ್ಲವೇ ಗೋದಾಮಿನಲ್ಲಿ ತೇವವಿದೆ. ಕೊಳೆತ ಹಣ್ಣಿನ ನಾತವಿದ್ದರೆ ಹುದುಗು ಮೀರಿದೆ, ಅಥವಾ ಪಲ್ಪರ್‌ನಲ್ಲಿ ಹಿಂದಿನ ದಿನದ ಹಣ್ಣು ಉಳಿದಿದೆ. ಅಂಥ ರಾಶಿಯನ್ನು ಬೇರೆಯೇ ಇಡಿ. ಒಳ್ಳೆಯದರೊಡನೆ ಬೆರೆಸಿದರೆ ಎರಡರ ಬೆಲೆಯೂ ಹೋಗುತ್ತದೆ.

ಅಂದಹಾಗೆ, ಹುರಿಯುವ ಬಾಣಲೆಗೆ ಒಗ್ಗರಣೆಯ ವಾಸನೆ ಇರಬಾರದು. ಮನೆಯವರನ್ನು ಕೇಳಿಯೇ ಬೇರೆ ಬಾಣಲೆ ಇಟ್ಟುಕೊಳ್ಳಿರಿ.