ಮೊದಲ ಮೂರು ರೊಟ್ಟಿ

ಪ್ರಶ್ನೆ: ಮುಂಜಾನೆ ಐದಕ್ಕೆ ಎದ್ದು ಇಪ್ಪತ್ತು ರೊಟ್ಟಿ ಬಡಿಯುತ್ತೇನೆ. ಕೈ ಹಿಟ್ಟಿನಲ್ಲಿ, ಮನಸ್ಸು ಸಂಘದ ಕಂತಿನಲ್ಲಿ. ಮೊನ್ನೆ ಮಗ ಬಂದು ಏನೋ ಹೇಳಿ ಹೋದ. ಸಂಜೆ ಕೇಳಿದರೆ, "ಯವ್ವಾ, ಮುಂಜಾನೆನ ಹೇಳಿನಲ್ಲ" ಅಂದ. ನನಗೆ ಒಂದಕ್ಷರವೂ ನೆನಪಿಲ್ಲ. ಫೋನಿನಲ್ಲಿ ನೋಡಿ ಧ್ಯಾನಕ್ಕೆ ಕೂತರೆ ನಿದ್ದೆ ಬರುತ್ತದೆ. ಏನು ಮಾಡಲಿ?
– ಹೆಸರು ಬೇಡ, ಹುಲಿಹೈದರ

ಉತ್ತರ: ತಂಗೀ, ಐದಕ್ಕೆ ಏಳುವವರು ಕಣ್ಣು ಮುಚ್ಚಿದರೆ ನಿದ್ದೆಯೇ ಬರಬೇಕು. ಅದು ತಪ್ಪಲ್ಲ, ದೇಹ ಬಾಕಿ ಕೇಳುತ್ತಿದೆ. ಧ್ಯಾನಕ್ಕೆಂದು ಬೇರೆ ಹೊತ್ತು ಹುಡುಕಬೇಡಿ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ರೋಗಿಗಳಿಗಾಗಿ ಗಮನದ ತರಬೇತಿ ಶುರು ಮಾಡಿದರು. ಎಂಟು ವಾರದ ಆ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನುವ ಪಾಠವಿದೆ. ನಿಮಗೆ ದ್ರಾಕ್ಷಿ ಯಾಕೆ? ಜೋಳದ ಹಿಟ್ಟಿದೆ.

ಇಪ್ಪತ್ತೂ ಬೇಡ, ಮೊದಲ ಮೂರು ರೊಟ್ಟಿ ಸಾಕು. ಎಸರು ಹಾಕಿ ನಾದಿದ ಹಿಟ್ಟಿನ ಬಿಸಿ ಬೆರಳಿಗೆ ಎಷ್ಟು ತಾಗುತ್ತದೆ? ಬಡಿಯುವಾಗ ಅಂಚು ಎಲ್ಲಿ ಬಿರಿಯುತ್ತದೆ? ರೊಟ್ಟಿ ತೆಳುವಾದಂತೆ ಅಂಗೈ ಸದ್ದು ಬದಲಾಗುತ್ತದೆಯೇ? ಹಂಚಿಗೆ ಹಾಕಿ ಮೇಲೆ ನೀರಿನ ಬಟ್ಟೆ ಸವರಿದಾಗ ಬಿಳಿ ಹಿಟ್ಟು ಮಾಯವಾಗುವುದನ್ನು ನೋಡಿ. ನಡುವೆ ಕಂತು ನೆನಪಾಗುತ್ತದೆ, ಆಗಲಿ. "ಕಂತಿಗೆ ಹೋಯ್ತು" ಎಂದು ಗುರುತಿಸಿ ಅಂಗೈಗೆ ಮರಳಿ. ಹತ್ತು ಸಲ ಹೋದರೆ ಹತ್ತು ಸಲ ಕರೆತನ್ನಿ. ಹಾಗೆ ಕರೆತರುವುದೇ ಅಭ್ಯಾಸ. ನಾಲ್ಕನೇ ರೊಟ್ಟಿಯಿಂದ ಬೇಕಾದ್ದು ಯೋಚಿಸಿಕೊಳ್ಳಿ.

ಇದರಿಂದ ಕಂತು ತೀರುವುದಿಲ್ಲ. ತೀರುತ್ತದೆ ಎನ್ನುವವರ ವಿಡಿಯೋಗಳನ್ನು ನಾನಂತೂ ನಂಬುವುದಿಲ್ಲ. ಸಾಲದ ಚಿಂತೆಗೆ ಸಂಜೆ ಹದಿನೈದು ನಿಮಿಷ ಕೊಡಿ. ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಯಾವ ತಾರೀಖು, ಎಷ್ಟು, ಎಲ್ಲಿಂದ ಎಂದು ಬರೆಯಿರಿ. ಬರೆದಿಟ್ಟ ಲೆಕ್ಕ ಒಲೆಯ ಮುಂದೆ ಅಷ್ಟೊಂದು ಕಾಡುವುದಿಲ್ಲ.

ಎರಡು ವಾರ ಕಳೆದರೂ ಊಟ ಸೇರದೆ, ರಾತ್ರಿ ನಿದ್ದೆ ಬಾರದೆ, ಬದುಕೇ ಸಾಕೆನಿಸಿದರೆ ಇದು ರೊಟ್ಟಿಯ ಮುಂದೆ ಮುಗಿಯುವ ಮಾತಲ್ಲ. ಸಾಕೆನಿಸಿದ್ದೇ ಆದರೆ ಎರಡು ವಾರವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮಗ ಬಂದಾಗ ಉರಿ ತಗ್ಗಿಸಿ, ಮುಖ ನೋಡಿ ಕೇಳಿ. ಒಂದು ರೊಟ್ಟಿ ತಡವಾದರೆ ಆಗಲಿ. ಅವನು ಏನು ಹೇಳಿದ್ದ ಎಂದು ನೀವು ಪತ್ರದಲ್ಲಿ ಬರೆದೇ ಇಲ್ಲ. ಸಂಜೆ ಮತ್ತೆ ಹೇಳಿದನೇ?