ಮನೆಯ ಮುಂದಿನ ಚಪ್ಪರ
ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ

ಫಾಲ್ಗುಣ ಮಾಸದಿಂದ ವೈಶಾಖದವರೆಗೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಬಿಸಿಲಿನ ತಾಪವು ಎಷ್ಟೆಂಬುದನ್ನು ಆ ಸೀಮೆಯ ರೈತರಿಗೆ ತಿಳಿಸಿಕೊಡಬೇಕಾದುದಿಲ್ಲ. ಬೆಳಗಿನ ತಂಪಿನಲ್ಲಿಯೇ ಗದ್ದೆಯ ಕೆಲಸವನ್ನು ಮುಗಿಸಿಕೊಂಡು ಬಂದವನಿಗೆ ಹೊರಗೆ ಉರಿ, ಒಳಗೆ ಸೆಕೆ ಎಂಬಂತಾದರೆ ವಿಶ್ರಾಂತಿಗೆ ಸ್ಥಳವೆಲ್ಲಿ? ಗಟ್ಟಿಮುಟ್ಟಾದವನು ಹೇಗೋ ತಾಳಿಕೊಳ್ಳುವನು. ಹಗಲೆಲ್ಲವೂ ಮನೆಯಲ್ಲಿಯೇ ಇರುವ ಮುದುಕರು, ಬಾಣಂತಿಯರು, ಎಳೆಯ ಮಕ್ಕಳು ತಾಳಲಾರರು. ವಯಸ್ಸಾದವರಿಗೆ ಬೆವರು ಸರಿಯಾಗಿ ಹೊರಡುವುದಿಲ್ಲ. ಬಾಯಾರಿಕೆಯೂ ಅಷ್ಟಾಗಿ ತಿಳಿಯುವುದಿಲ್ಲ. ಯಾವ ಕಾಯಿಲೆಯೂ ಇಲ್ಲದೆ ಮೈ ಕಾದು, ಬುದ್ಧಿ ಮಂಕಾಗಿ, ಪ್ರಾಣಕ್ಕೇ ಅಪಾಯವುಂಟಾಗಬಹುದು. ಆದಕಾರಣ ಮನೆಯ ಮುಂದೆ ಒಂದು ಒಳ್ಳೆಯ ಚಪ್ಪರವನ್ನು ಹಾಕಿಸುವುದು ಸೊಗಸಿನ ಮಾತಲ್ಲ, ಅಗತ್ಯವಾದ ಕಾರ್ಯವೇ ಸರಿ.

ಹಿಂದಿನವರಿಗೆ ಇದನ್ನು ಹೇಳಬೇಕಾಗಿರಲಿಲ್ಲ. ದಪ್ಪನೆಯ ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ನಡುವೆ ತೊಟ್ಟಿ, ಮುಂದೆ ಅಗಲವಾದ ಜಗಲಿ, ಜಗಲಿಯ ಮೇಲಕ್ಕೆ ಬಾಗಿದ ಸೂರು, ಇವುಗಳಿಂದ ಮನೆಯು ತಾನಾಗಿಯೇ ತಂಪಾಗಿರುತ್ತಿತ್ತು. ೧೯೧೧ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಈ ಸೀಮೆಗೆ ಹರಿದು ಬಂದಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಭತ್ತ ಮತ್ತು ಕಬ್ಬಿನ ಹಣದಿಂದ ಕಾಲಕ್ರಮದಲ್ಲಿ ಹಳೆಯ ಮನೆಗಳು ಹೋಗಿ ಹೊಸ ಮನೆಗಳೆದ್ದವು. ಹೊಸ ಮನೆಗೆ ಬೆಳಕು ಹೆಚ್ಚು, ಇಲಿಯ ಕಾಟ ಕಡಿಮೆ, ಅದು ಸಂತೋಷವೇ. ಆದರೆ ಕಾಂಕ್ರೀಟಿನ ತಾರಸಿಯು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ರಾತ್ರಿಯಲ್ಲಿ ಅದನ್ನು ಒಳಕ್ಕೆ ಬಿಡುತ್ತದೆ, ಗೋಡೆಗಳು ತೆಳುವಾದವು, ಜಗಲಿಯೋ, ಎರಡು ಮೆಟ್ಟಿಲಷ್ಟಕ್ಕೆ ಇಳಿಯಿತು. ಕಳೆದುಹೋದ ಆ ಜಗಲಿಯ ನೆರಳನ್ನು ಸ್ವಲ್ಪ ಖರ್ಚಿನಲ್ಲಿ ಮರಳಿ ಪಡೆಯುವ ಬಗೆಯನ್ನೇ ಇಲ್ಲಿ ತಿಳಿಸಿದೆ.

ಮೊದಲು ನೋಡತಕ್ಕದ್ದು ದಿಕ್ಕು. ಪೂರ್ವಕ್ಕೆ ಮುಖವಾದ ಮನೆಯ ಮುಂದೆ ಬಿಸಿಲು ಹೊತ್ತೇರುವವರೆಗೆ ಮಾತ್ರ. ಮಧ್ಯಾಹ್ನದ ಮೇಲೆ ಮನೆಯ ನೆರಳೇ ಅಂಗಳಕ್ಕೆ ಬೀಳುವುದರಿಂದ ಅಂಥವರಿಗೆ ೫ ಅಡಿ ಅಗಲದ ಚಪ್ಪರವೇ ಸಾಕು. ಕಷ್ಟವಿರುವುದು ಪಶ್ಚಿಮಕ್ಕೆ ಬಾಗಿಲಿರುವ ಮನೆಗಳಿಗೆ. ಈ ಸೀಮೆಯಲ್ಲಿ ಏಪ್ರಿಲ್ ತಿಂಗಳ ನಾಲ್ಕನೆಯ ವಾರದಲ್ಲಿ ಸೂರ್ಯನು ನಡುಹಗಲಿಗೆ ನೆತ್ತಿಯ ನೇರಕ್ಕೆ ಬರುವನು. ಆಗಿನ ಬಿಸಿಲನ್ನು ತಡೆಯುವುದು ಸುಲಭ. ತಲೆಯ ಮೇಲೆ ಏನಿದ್ದರೂ ನೆರಳಾಗುತ್ತದೆ. ಗೋಡೆಯನ್ನು ಕಾಯಿಸುವುದು ಇಳಿಹೊತ್ತಿನ ಓರೆ ಬಿಸಿಲು. ಪಡುವಣ ಗೋಡೆಗೆ ಸೇರಿದಂತೆ ೮ ಅಡಿ ಅಗಲದ ಚಪ್ಪರವಿದ್ದು, ಅದರ ಹೊರ ಅಂಚು ನೆಲದಿಂದ ೭ ಅಡಿ ಎತ್ತರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಏಪ್ರಿಲ್ ತಿಂಗಳ ನಡುವಿನಲ್ಲಿ ಮಧ್ಯಾಹ್ನ ೩ ಗಂಟೆ ೨೦ ನಿಮಿಷದವರೆಗೂ ಗೋಡೆಯೆಲ್ಲವೂ ನೆರಳಿನಲ್ಲಿರುತ್ತದೆ. ೪ ಗಂಟೆ ೨೦ ನಿಮಿಷಕ್ಕೆ ಬಿಸಿಲು ಒಳನುಗ್ಗಿ ಗೋಡೆಯ ಮೇಲೆ ೨ ಅಡಿ ಏರುತ್ತದೆ. ೫ ಗಂಟೆ ೨೦ ನಿಮಿಷಕ್ಕೆ ಸುಮಾರು ನಾಲ್ಕೂವರೆ ಅಡಿ. ಹೀಗಿರಲು ಚಪ್ಪರವನ್ನು ಇನ್ನೂ ೪ ಅಡಿ ಮುಂದಕ್ಕೆ ಚಾಚಿ ಹಣವನ್ನು ಖರ್ಚುಮಾಡುವುದಕ್ಕಿಂತ, ಹೊರ ಅಂಚಿನಿಂದ ೪ ಅಡಿ ಉದ್ದದ ಬಿದಿರ ತಟ್ಟಿಯನ್ನು ಇಳಿಬಿಡುವುದು ಎಷ್ಟೋ ಮೇಲು. ಬೆಳಗ್ಗೆ ತಟ್ಟಿಯನ್ನು ಮೇಲಕ್ಕೆ ಮಡಿಸಿ ಕಟ್ಟಿ, ಮೂರು ಗಂಟೆಗೆ ಇಳಿಸತಕ್ಕದ್ದು. ತಟ್ಟಿಗೆ ಬದಲಾಗಿ ಬಳ್ಳಿಯನ್ನೂ ಹಬ್ಬಿಸಬಹುದು. ಜನವರಿಯಲ್ಲಿ ಹೀರೆ ಅಥವಾ ಸೋರೆಯ ಬೀಜವನ್ನು ಊರಿ, ಬಚ್ಚಲ ನೀರನ್ನು ತಿರುಗಿಸಿದರೆ ಬಿಸಿಲು ಬಲಿಯುವ ಹೊತ್ತಿಗೆ ಹಸಿರು ಗೋಡೆಯೊಂದು ಸಿದ್ಧವಾಗುತ್ತದೆ. ಸಾರಿಗೆ ಕಾಯಿಯೂ ಆಯಿತು.

ಎತ್ತರದ ವಿಷಯದಲ್ಲಿ ಅನೇಕರು ತಪ್ಪುವರು. ನೋಟಕ್ಕೆ ಚೆನ್ನಾಗಿರಲೆಂದು ೧೦ ಅಡಿ ಎತ್ತರಕ್ಕೆ ಎಬ್ಬಿಸಿದ ಚಪ್ಪರದ ನೆರಳು ಇಳಿಹೊತ್ತಿನಲ್ಲಿ ಕುಳಿತವನ ಮೇಲೆ ಬೀಳದೆ ಹಿಂದಿನ ಗೋಡೆಯ ತಲೆಯ ಮೇಲೆ ಬೀಳುತ್ತದೆ. ಹೊರ ಅಂಚು ೭ ಅಡಿಗೆ ಮೀರಬಾರದು. ಒಳ ಅಂಚಿನ ಎತ್ತರವು ಹೊದಿಕೆಗೆ ತಕ್ಕಂತೆ ಬೇರೆಬೇರೆ. ತಗಡಿಗೆ ಅಡಿಗೆ ೨ ಅಂಗುಲದ ಇಳಿಜಾರು ಸಾಕಾದುದರಿಂದ ೮ ಅಡಿಗೆ ೧೬ ಅಂಗುಲವಾಗಿ, ಗೋಡೆಯ ಕಡೆಗೆ ೮ ಅಡಿ ೪ ಅಂಗುಲ ಎತ್ತರ ಬೇಕು. ಮಂಗಳೂರು ಹೆಂಚಿಗೂ ಗರಿಗೂ ಅಡಿಗೆ ೬ ಅಂಗುಲವಿಲ್ಲದಿದ್ದರೆ ಮಳೆಯ ನೀರು ಸೋರುವುದು; ಆ ಲೆಕ್ಕದಲ್ಲಿ ಗೋಡೆಯ ಕಡೆ ೧೧ ಅಡಿ ಎತ್ತರ ಬೇಕಾಗುತ್ತದೆ. ಹಳೆಯ ಮನೆಯ ಸೂರು ಅಷ್ಟು ಎತ್ತರವಿರುವುದು ಅಪೂರ್ವ. ಅಂಥ ಕಡೆ ಹೆಂಚಿನ ಆಸೆಯನ್ನು ಬಿಡುವುದು ಲೇಸು. ಇಲ್ಲವೆ ಎರಡು ಇಳಿಜಾರಿನ ಚಪ್ಪರವನ್ನು ಮನೆಗೆ ಅಂಟಿಸದೆ ಪ್ರತ್ಯೇಕವಾಗಿ ನಿಲ್ಲಿಸಬೇಕು.

ಮನೆಗೆ ಸೇರಿಸುವುದಾದರೆ ಚಪ್ಪರದ ಮೇಲಂಚು ಮನೆಯ ಸೂರಿನ ಕೆಳಗೆ ಒಂದು ಅಡಿಯಷ್ಟು ಒಳಕ್ಕೆ ಹೋಗಬೇಕು, ಎರಡರ ಮಧ್ಯೆ ಒಂದು ಗೇಣು ತೆರಪಿರಬೇಕು. ಕಾದ ಗಾಳಿಯು ಮೇಲಕ್ಕೇರಿ ಆ ತೆರಪಿನಿಂದ ಹೊರಟುಹೋಗುವುದು. ತೆರಪನ್ನು ಸಿಮೆಂಟಿನಿಂದ ಮುಚ್ಚಿದ ಚಪ್ಪರದ ಕೆಳಗೆ ಮಧ್ಯಾಹ್ನ ಕುಳಿತು ನೋಡಿದರೆ ವ್ಯತ್ಯಾಸವು ಯಾರಿಗಾದರೂ ತಿಳಿಯುತ್ತದೆ.

ಇನ್ನು ಗಾಳಿ. ಬಿಸಿಲಿಗೆಂದು ಹಾಕಿದ ಚಪ್ಪರವನ್ನು ಕೆಡಿಸುವುದು ಬಿಸಿಲಲ್ಲ; ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗುಮಳೆಗೆ ಮುಂಚೆ ಬೀಸುವ ಬಿರುಗಾಳಿ. ಚಪ್ಪರವು ಭಾರದಿಂದ ಕುಸಿದೀತೆಂದು ಎಲ್ಲರೂ ಎಚ್ಚರವಹಿಸುವರು. ಗಾಳಿಯು ಕೆಳಗಿನಿಂದ ನುಗ್ಗಿ ಅದನ್ನು ಮೇಲಕ್ಕೆ ಎತ್ತುತ್ತದೆ ಎಂಬುದನ್ನು ಯೋಚಿಸುವವರು ಕಡಿಮೆ. ಮೂರು ಕಡೆ ತೆರೆದು ಒಂದು ಕಡೆ ಗೋಡೆಯಿರುವಲ್ಲಿ ನುಗ್ಗಿದ ಗಾಳಿಗೆ ಹೋಗಲು ದಾರಿಯಿಲ್ಲದೆ ಅದರ ಬಲವೆಲ್ಲವೂ ಹೊದಿಕೆಯ ಮೇಲೆಯೇ ಬೀಳುತ್ತದೆ. ಮೇಲೆ ಹೇಳಿದ ಗೇಣಿನ ತೆರಪು ಇಲ್ಲಿಯೂ ಸ್ವಲ್ಪ ಸಹಾಯಕ್ಕೆ ಬರುವುದು. ತಗಡು ಹಾರದಿರಲೆಂದು ಮೇಲೆ ಕಲ್ಲುಗುಂಡುಗಳನ್ನು ಹೇರುವ ಪದ್ಧತಿಯನ್ನಂತೂ ಗ್ರಾಮದ ಯಜಮಾನರು ಕಂಡಕಂಡಲ್ಲಿ ಬಿಡಿಸಬೇಕು. ಬಿರುಗಾಳಿಗೆ ತಗಡು ಎದ್ದರೆ ಕಲ್ಲೂ ಉರುಳುತ್ತದೆ. ಕೆಳಗೆ ಮಲಗಿರುವ ಮಗುವಿನ ಗತಿಯೇನು? ತಗಡನ್ನು ಕೊಕ್ಕೆಬೋಲ್ಟುಗಳಿಂದ ಅಡ್ಡಪಟ್ಟಿಗಳಿಗೆ, ಅಡ್ಡಪಟ್ಟಿಗಳನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ, ಹೀಗೆ ಒಂದನ್ನೊಂದು ಬಿಡದಂತೆ ಬಿಗಿಯತಕ್ಕದ್ದು. ಕಂಬವು ನೆಲವನ್ನು ಬಿಡದಿದ್ದರೆ ಮಾತ್ರ ಉಳಿದ ಬಿಗಿತಕ್ಕೆ ಅರ್ಥವುಂಟು.

ಕಂಬಕ್ಕೆ ಈ ಸೀಮೆಯಲ್ಲಿ ಸಿಕ್ಕುವ ಕಲ್ಲುಕಂಬಕ್ಕಿಂತ ಮೇಲಾದುದಿಲ್ಲ. ಅದಕ್ಕೆ ಗೆದ್ದಲಿಲ್ಲ, ಕೊಳೆಯುವ ಭಯವಿಲ್ಲ. ಒಂಬತ್ತೂವರೆ ಅಡಿ ಉದ್ದದ ಕಲ್ಲನ್ನು ಎರಡೂವರೆ ಅಡಿ ಹೂಳಿ, ಸುತ್ತಲೂ ಜಲ್ಲಿಯನ್ನು ತುಂಬಿ ದಿಮ್ಮಿಸಿದರೆ ನೆಲದ ಮೇಲೆ ೭ ಅಡಿ ಉಳಿಯುತ್ತದೆ. ಕಂಬದಿಂದ ಕಂಬಕ್ಕೆ ೮ ಅಡಿ ದೂರವಿದ್ದರೆ ೨೪ ಅಡಿ ಉದ್ದದ ಚಪ್ಪರಕ್ಕೆ ಹೊರಸಾಲಿನಲ್ಲಿ ನಾಲ್ಕು ಕಂಬಗಳು ಬೇಕು. ಮಣ್ಣಿನ ಗೋಡೆಯಾದರೆ ತೊಲೆಯ ತುದಿಯನ್ನು ಅದರೊಳಗೆ ಊರದೆ, ಗೋಡೆಯ ಪಕ್ಕದಲ್ಲಿಯೂ ಒಂದು ಸಾಲು ಕಂಬಗಳನ್ನು ನಿಲ್ಲಿಸತಕ್ಕದ್ದು. ಗಾಳಿಗೆ ತೊಲೆಯು ಅಲುಗಿದಂತೆಲ್ಲ ಗೋಡೆಯು ಸೀಳುವುದು. ಬಿದಿರು ಗಳಗಳನ್ನು ಹಸಿಯಾಗಿಯೇ ಉಪಯೋಗಿಸಿದರೆ ಬೇಗನೆ ಕುಟ್ಟೆ ಹಿಡಿಯುತ್ತದೆ. ಕುಟ್ಟೆಹುಳಕ್ಕೆ ಆಹಾರವು ಬಿದಿರಿನೊಳಗಿನ ಹಿಟ್ಟಿನ ಅಂಶ. ಮೂರು ನಾಲ್ಕು ವಾರ ಕಟ್ಟೆಯ ನೀರಿನಲ್ಲಿ ಮುಳುಗಿಸಿಟ್ಟು, ನೆರಳಿನಲ್ಲಿ ಒಣಗಿಸಿದರೆ ಆ ಅಂಶವು ಬಹುಮಟ್ಟಿಗೆ ಕಳೆಯುತ್ತದೆ. ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಇನ್ನೂ ಹೆಚ್ಚು ಕಾಲ ಬಾಳುವುದು.

ಹೊದಿಕೆಗಳ ಗುಣದೋಷಗಳನ್ನು ಕುರಿತು ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ತಂಪಿಗೆ ಹೆಣೆದ ತೆಂಗಿನ ಗರಿಗೆ ಸಮಾನವಾದುದಿಲ್ಲ. ಗರಿಯನ್ನು ನಡುವೆ ಸೀಳಿ, ನೀರಿನಲ್ಲಿ ನೆನೆಯಿಸಿ, ಹೆಣೆದು, ಒಂದರ ಮೇಲೊಂದು ಮೂರು ಪದರ ಬೀಳುವಂತೆ ಕಟ್ಟಬೇಕು. ಅದು ಒಂದೆರಡು ವರ್ಷ ಬಾಳುವುದು. ಮರವು ಮನೆಯದೇ ಆದವರಿಗೆ ಇದರ ಖರ್ಚು ಕೂಲಿಯಷ್ಟೇ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ತರಗನ್ನೂ ದಪ್ಪನಾಗಿ ಹೊದಿಸಬಹುದು. ಅದನ್ನು ಗದ್ದೆಯಲ್ಲಿಯೇ ಸುಡುವ ರೂಢಿಯು ಎಷ್ಟು ಬೇಗ ನಿಂತರೆ ಭೂಮಿಗೆ ಅಷ್ಟು ಒಳ್ಳೆಯದು. ಆದರೆ ಅದು ಬೇರೆಯ ವಿಷಯ. ಗರಿಗೂ ತರಗಿಗೂ ಇರುವ ದೊಡ್ಡ ದೋಷವು ಬೆಂಕಿ. ಒಲೆಯ ಹೊಗೆಗೂಡಿನ ಪಕ್ಕದಲ್ಲಾಗಲಿ, ಹುಲ್ಲಿನ ಮೆದೆಯ ಸಮೀಪದಲ್ಲಾಗಲಿ, ವಿದ್ಯುತ್ ತಂತಿಯ ಕೆಳಗಾಗಲಿ ಇಂಥ ಚಪ್ಪರವನ್ನು ಹಾಕಲೇಬಾರದು. ಮನೆಗೆ ಮನೆ ಸೇರಿರುವ ಬೀದಿಗಳಲ್ಲಿ ಒಬ್ಬನ ಅಜಾಗರೂಕತೆಯಿಂದ ಸಾಲೇ ಹೋಗಬಹುದಾದುದರಿಂದ ಅಲ್ಲಿ ತಗಡೇ ಕ್ಷೇಮ.

ತಗಡು ಬಾಳುವುದು ಹೆಚ್ಚು, ಕಾಯುವುದೂ ಹೆಚ್ಚು. ಬೇಸಗೆಯ ಮಧ್ಯಾಹ್ನದಲ್ಲಿ ಹಳೆಯ ತಗಡಿನ ಬಿಸಿಯು ೬೦ ಡಿಗ್ರಿ ಸೆಂಟಿಗ್ರೇಡನ್ನೂ ಮುಟ್ಟಬಹುದು. ಗಾಳಿಯು ಆಡುತ್ತಿದ್ದರೂ ಆ ಕಾವು ಕೆಳಗೆ ಕುಳಿತವರ ತಲೆಗೆ ನೇರವಾಗಿ ತಟ್ಟುತ್ತದೆ. ಇದಕ್ಕೆ ಪರಿಹಾರವು ಸುಲಭ: ತಗಡಿನಿಂದ ಒಂದು ಗೇಣು ಕೆಳಗೆ ಬಿದಿರ ಚಾಪೆಯನ್ನೋ ಹೆಣೆದ ಗರಿಯನ್ನೋ ಒಳಮಾಡಾಗಿ ಕಟ್ಟಿ, ನಡುವಣ ತೆರಪಿನ ಎರಡು ಕೊನೆಗಳನ್ನೂ ತೆರೆದಿಡತಕ್ಕದ್ದು. ತಗಡಿನ ಮೇಲುಭಾಗಕ್ಕೆ ಬಿಳಿಯ ಬಣ್ಣವನ್ನು ಬಳಿದರೆ ಕಾವು ಮತ್ತಷ್ಟು ಇಳಿಯುವುದು. ಸುಣ್ಣವು ತಗಡಿಗೆ ನಿಲ್ಲದು, ತಾರಸಿಗೆ ಮಾತ್ರ ಸರಿ. ಕಲ್ನಾರಿನ ಶೀಟು ತಗಡಿನಷ್ಟು ಕಾಯುವುದಿಲ್ಲವೆಂದು ಕೆಲವರು ಅದನ್ನು ಮೆಚ್ಚುವರು. ಆದರೆ ಅದನ್ನು ಕತ್ತರಿಸುವಾಗಲೂ ಅದು ಒಡೆದಾಗಲೂ ಏಳುವ ಧೂಳು ಶ್ವಾಸಕೋಶಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ ಮಾರಕವಾದ ರೋಗಗಳನ್ನು ತರುವುದೆಂಬುದು ಸಿದ್ಧವಾಗಿರುವುದರಿಂದ ಅದನ್ನು ನಾವು ಶಿಫಾರಸು ಮಾಡುವುದಿಲ್ಲ. ಅಂಗಡಿಗಳಲ್ಲಿ ಸಿಕ್ಕುವ ಹಸಿರು ನೆರಳುಬಲೆಯು ಬೇಸಗೆಯ ಮಟ್ಟಿಗೆ ಸಾಕು. ಮಳೆಗೆ ಅದು ಇದ್ದೂ ಇಲ್ಲದಂತೆ.

ಸೂರಿನ ನೀರಿನ ವಿಷಯದಲ್ಲಿ ಊರೂರಲ್ಲಿಯೂ ವ್ಯಾಜ್ಯಗಳುಂಟು. ೨೪ ಅಡಿ ಉದ್ದ, ೮ ಅಡಿ ಅಗಲದ ಚಪ್ಪರದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ೪೫೦ ಲೀಟರು ನೀರು ಇಳಿಯುತ್ತದೆ. ಮನೆಯ ಮಾಡಿನ ನೀರೂ ಅದರ ಮೇಲೆಯೇ ಬೀಳುವುದಾದರೆ ಇನ್ನೂ ಹೆಚ್ಚು. ಈ ನೀರು ಬುಡದಲ್ಲಿ ನಿಂತರೆ ನಿಮ್ಮ ತಳಪಾಯಕ್ಕೆ ಕೇಡು. ನೆರೆಯವರ ಗೋಡೆಗೆ ಹಾರಿದರೆ ವರ್ಷಗಟ್ಟಲೆ ಮಾತಿಲ್ಲದ ಹಗೆ. ಹೊರ ಅಂಚಿಗೆ ದೋಣಿಯನ್ನು ಕಟ್ಟಿಸಿ, ನೀರನ್ನು ನಿಮ್ಮ ಹಿತ್ತಲಿನ ಬಾಳೆಯ ಬುಡಕ್ಕೋ ತೊಟ್ಟಿಗೋ ಹರಿಸತಕ್ಕದ್ದು. ಕಂಬಗಳು ನಿಮ್ಮ ನಿವೇಶನದ ಗಡಿಯಿಂದ ಒಳಗಿರಲಿ. ಬೀದಿಯು ಎಲ್ಲರದು, ಬಂಡಿಯೂ ಹೋಗಬೇಕು, ಹೆಣವೂ ಹೋಗಬೇಕು. ಹೊಸ ಚಪ್ಪರದ ಗುಂಡಿಯನ್ನು ತೋಡುವ ಮುಂಚೆಯೇ ಯಜಮಾನರು ಎರಡು ಮನೆಯವರನ್ನೂ ನಿಲ್ಲಿಸಿ ಗುರುತು ಹಾಕಿಸಿದರೆ ಮುಂದೆ ನ್ಯಾಯ ಹೇಳುವ ಶ್ರಮವು ತಪ್ಪುವುದು.

ಚಪ್ಪರದ ಕೆಳಗಿನ ನೆಲವನ್ನು ಸಿಮೆಂಟಿನಿಂದ ಮುಚ್ಚಬೇಕಾದುದಿಲ್ಲ. ಮಣ್ಣಿನ ನೆಲವನ್ನು ಗಟ್ಟಿಸಿ, ಸಾರಿಸಿ, ಸಂಜೆಗೆ ನಾಲ್ಕು ಚೆಂಬು ನೀರನ್ನು ಚಿಮುಕಿಸಿದರೆ ಅದರ ತಂಪೇ ಬೇರೆ.

ರೇಷ್ಮೆ ಸಾಕುವವರಿಗೆ ಒಂದು ಮಾತನ್ನು ವಿಶೇಷವಾಗಿ ತಿಳಿಸಬೇಕು. ಮದ್ದೂರು, ಮಳವಳ್ಳಿಗಳ ಕಡೆ ಹಿಪ್ಪುನೇರಳೆಯ ತೋಟವಿರುವವರು ಅನೇಕರು. ದೊಡ್ಡ ಹುಳುಗಳಿಗೆ ೨೪ರಿಂದ ೨೬ ಡಿಗ್ರಿ ಸೆಂಟಿಗ್ರೇಡಿನ ಹವೆ ಹಿತಕರ. ೩೦ನ್ನು ಮೀರಿತೆಂದರೆ ಮೇವು ತಿನ್ನುವುದು ಕಡಿಮೆಯಾಗಿ, ರೋಗಕ್ಕೆ ಬೇಗ ತುತ್ತಾಗುವುವು. ಅದರಲ್ಲಿಯೂ ದ್ವಿತಳಿಯ ಹುಳುಗಳು ತಾಪವನ್ನು ಸಹಿಸವು. ತಿಂಗಳ ದುಡಿಮೆಯೆಲ್ಲವೂ ನಾಲ್ಕು ದಿನದ ಸೆಕೆಗೆ ಹೋಗುವುದುಂಟು. ಸಾಕಣೆಯ ಮನೆಯ ನಾಲ್ಕು ಗೋಡೆಗಳಿಗೂ, ಮುಖ್ಯವಾಗಿ ಪಶ್ಚಿಮದ ಗೋಡೆಗೆ, ೫ ಅಡಿಯ ಗರಿಯ ಚಪ್ಪರವನ್ನು ಇಳಿಸಿ, ಮಾಡಿನ ಮೇಲೂ ಗರಿಯನ್ನು ಹೊದಿಸಿದರೆ ಒಳಗಿನ ಹವೆಯನ್ನು ಹತೋಟಿಯಲ್ಲಿಡುವುದು ಬಹಳ ಸುಲಭವಾಗುತ್ತದೆ. ಒಂದೇ ವರ್ಷದಲ್ಲಿ ಎರಡು ಕೆಲಸಕ್ಕೂ ಹಣ ಒದಗದವರು ಮೊದಲು ಎಲ್ಲಿ ಹಾಕಬೇಕೆಂದು ಕೇಳಿದರೆ, ಮುದುಕರಿರುವ ಮನೆಯ ಮುಂದೆ ಎಂದೇ ನಮ್ಮ ಉತ್ತರ.

ಬಿದಿರನ್ನು ಸಂಕ್ರಾಂತಿಯ ಹೊತ್ತಿಗೆ ನೀರಿಗೆ ಹಾಕಿ, ಗರಿಯನ್ನು ಮಾಘ ಮಾಸದಲ್ಲಿ ಹೆಣೆಯಿಸಿಟ್ಟು, ಶಿವರಾತ್ರಿಯೊಳಗೆ ಚಪ್ಪರವನ್ನು ಏರಿಸತಕ್ಕದ್ದು. ಯುಗಾದಿ ಕಳೆದ ಮೇಲೆ ಮದುವೆಗಳ ಚಪ್ಪರಕ್ಕೆಂದು ಗರಿಯೂ ಬಿದಿರೂ ಕೆಲಸದವರೂ ತುಟ್ಟಿಯಾಗುವುದಲ್ಲದೆ, ಮೊದಲ ಬಿರುಗಾಳಿಯ ವೇಳೆಗೆ ಕಂಬದ ಬುಡವು ಇನ್ನೂ ಗಟ್ಟಿಯಾಗಿರುವುದಿಲ್ಲ. ವರ್ಷವರ್ಷವೂ ಹೊಸ ಗರಿಯನ್ನು ಏರಿಸುವಾಗ ಹಳೆಯ ಕಟ್ಟುತಂತಿಯನ್ನೆಲ್ಲ ಬಿಚ್ಚಿ ಹೊಸದನ್ನೇ ಹಾಕಬೇಕು. ತುಕ್ಕು ಹಿಡಿದ ತಂತಿಯು ನೋಟಕ್ಕೆ ಬಿಗಿಯಾಗಿಯೇ ಕಾಣುತ್ತದೆ.